ಒಲೀಟಾಳ ತೂಕ

ವರ್ಲಿನ್ ಟ್ಯಾಕೆಟ್ ಗಾಳಿ ತುಂಬಿದ ಯಾವುದನ್ನೂ ನಂಬುತ್ತಿರಲಿಲ್ಲ. ಬಲೂನು, ಗಾಳಿಹಾಸಿಗೆ, ಚುನಾವಣೆಗೆ ನಿಂತವರು, ಎಲ್ಲವೂ ಅವನಿಗೆ ಒಂದೇ ಜಾತಿ. “ಟೈರಿನೊಳಗೂ ಗಾಳೀನೇ ಕಣೋ ಇರೋದು” ಅಂತ ಯಾರಾದರೂ ಚುಚ್ಚಿದರೆ, “ಅದಕ್ಕೇ ಅದನ್ನೂ ನಂಬಲ್ಲ. ಡಿಕ್ಕೀಲಿ ಎರಡು ಹೆಚ್ಚಿಗೆ ಇಟ್ಕೊಂಡಿದೀನಿ” ಅನ್ನುತ್ತಿದ್ದ.

ಆಯಿಲ್‌ಡೇಲಿನ ಎಣ್ಣೆಬಾವಿಗಳಲ್ಲಿ ನಲವತ್ತು ವರ್ಷ ವೆಲ್ಡಿಂಗ್ ಮಾಡಿದ ಕೈ ಅವನದು. ಮೊಣಕೈವರೆಗೂ ಕಿಡಿ ಬಿದ್ದ ಕಲೆಗಳು. ಎಣಿಸಿದರೆ ಆಕಾಶದ ನಕ್ಷತ್ರಗಳಿಗಿಂತ ಎರಡು ಹೆಚ್ಚೇ ಇವೆ, ಒಂದು ರಾತ್ರಿ ಕೂತು ಲೆಕ್ಕ ಹಾಕಿದ್ದೇನೆ ಅಂತ ಹೇಳಿಕೊಳ್ಳುತ್ತಿದ್ದ. ಅವನ ಅಪ್ಪ ಅಮ್ಮ ಒಕ್ಲಹೋಮಾದ ಧೂಳಿನ ಬಿರುಗಾಳಿಗೆ ಹೆದರಿ ಕ್ಯಾಲಿಫೋರ್ನಿಯಾಕ್ಕೆ ಓಡಿಬಂದವರು. ಇವನು ಹುಟ್ಟಿದ್ದು ಹತ್ತಿ ಬಿಡಿಸುವವರ ಡೇರೆಯಲ್ಲಿ. ಹುಟ್ಟಿದ ಕೂಡಲೇ ಅಳಲಿಲ್ಲವಂತೆ, ಕೆಮ್ಮಿದನಂತೆ; ಬಾಯಿಂದ ಒಂದು ಹಿಡಿ ಒಕ್ಲಹೋಮಾ ಉದುರಿತಂತೆ. ಅವನಮ್ಮ ಅದನ್ನು ಡಬ್ಬಿಯಲ್ಲಿ ಹಾಕಿಟ್ಟು ಅದರಲ್ಲೇ ಟೊಮೇಟೊ ಗಿಡ ಬೆಳೆಸಿದಳು ಅನ್ನುವವರೂ ಇದ್ದಾರೆ. ಅಷ್ಟನ್ನು ನಂಬಬೇಕಾಗಿಲ್ಲ.

ಅವನ ಕಾರು ಮೂವತ್ನಾಲ್ಕನೇ ಇಸವಿಯ ಫೋರ್ಡ್ ಕೂಪೆ. ಇಬ್ಬರಿಗೆ ಮಾತ್ರ ಜಾಗ. ಐವತ್ತೇಳರಲ್ಲಿ ಅದು ಒಬ್ಬ ರೈತನ ಹಿತ್ತಲಲ್ಲಿ ಕೋಳಿಗೂಡಾಗಿ ಬಿದ್ದಿತ್ತು. ರೈತನ ಗೇಟು ವೆಲ್ಡ್ ಮಾಡಿಕೊಟ್ಟು ಕೂಲಿಯ ಬದಲು ಕಾರನ್ನೇ ಎಳೆದುಕೊಂಡು ಬಂದ. ಒಳಗಿದ್ದ ಹನ್ನೊಂದು ಕೋಳಿಗಳು ಇಳಿಯಲು ಒಪ್ಪದೆ ಆಯಿಲ್‌ಡೇಲಿನವರೆಗೂ ಬಂದವಂತೆ, ಒಂದು ದಾರಿಯಲ್ಲೇ ಮೊಟ್ಟೆ ಇಟ್ಟಿತಂತೆ. ವರ್ಲಿನ್ ಅದರ ಛಾವಣಿ ಕತ್ತರಿಸಿ ತಗ್ಗಿಸಿದ, ಮುಂದೆ ಎರಡರಷ್ಟು ದೊಡ್ಡ ಇಂಜಿನ್ನು ಕೂರಿಸಿದ, ಕಾಕಂಬಿಯಂಥ ಕಡುಗೆಂಪು ಬಣ್ಣ ಹೊಡೆದ. ಹಾಟ್ ರಾಡ್ ಅನ್ನುವುದು ಇದಕ್ಕೇ. ಅದು ಮುಗಿದ ವಾರವೇ ಒಲೀಟಾಳನ್ನು ಮದುವೆಯಾಗಿ, ಗುಡ್ಡ ದಾಟಿಸಿ ಕೆಯೂಕಸ್‌ನ ಸಮುದ್ರದಂಡೆಗೆ ಕರೆದುಕೊಂಡು ಹೋದ. ಮಂಜು ಬಿದ್ದ ದಿನ ಕಾರಿನಲ್ಲಿ ಈಗಲೂ ಕೋಳಿ ವಾಸನೆ ಬರುತ್ತದೆ ಅಂತ ಅವಳು ನಲವತ್ತೇಳು ವರ್ಷ ಹೇಳಿದಳು.

ಆಯಿಲ್‌ಡೇಲಿನ ಕೂಪೆ ಸಂಘದಲ್ಲಿ ಒಂದು ಪದ್ಧತಿಯಿತ್ತು. ಕಾರಿನ ಎತ್ತರ ಹೊಂದಿಸುವಾಗ ಸೀಟಿನ ಮೇಲೆ ಭಾರ ಇರಬೇಕು. ಖಾಲಿ ಕಾರನ್ನು ನೆಟ್ಟಗೆ ನಿಲ್ಲಿಸಿದರೆ ಜನ ಕೂತ ಕೂಡಲೇ ವಾಲುತ್ತದೆ. ಆದರೆ ಗಂಡ ಅಡಿಯಲ್ಲಿ ಮಲಗಿ ಬೋಲ್ಟು ತಿರುಗಿಸುವಷ್ಟು ಹೊತ್ತು ಮೇಲೆ ಗೊಂಬೆಯ ಹಾಗೆ ಕೂರಲು ಯಾವ ಹೆಂಡತಿ ಒಪ್ಪುತ್ತಾಳೆ? ಅದಕ್ಕಾಗಿ ಮದುವೆಯಾಗಿ ಬಂದ ಪ್ರತಿ ಹೆಂಗಸೂ ಹಳೇ ಜೀನ್ಸ್ ಬಟ್ಟೆಯಲ್ಲಿ ಹತ್ತತ್ತು ಪೌಂಡಿನ ಮರಳುಚೀಲಗಳನ್ನು ತನ್ನ ತೂಕಕ್ಕೆ ಆಗುವಷ್ಟು ಹೊಲಿದು, ಮೇಲೆ ಹೆಸರು ಕಸೂತಿ ಹಾಕಿ, ಗಂಡನ ಶೆಡ್ಡಿನಲ್ಲಿ ಇಡುತ್ತಿದ್ದಳು. ಒಮ್ಮೆ ಹೊಲಿದರೆ ಮುಗಿಯಿತು. ಇನ್ನೊಮ್ಮೆ ತೂಕ ನೋಡೋಣವೇ ಅಂತ ಕೇಳುವ ಧೈರ್ಯ ಆಯಿಲ್‌ಡೇಲಿನಲ್ಲಿ ಯಾವ ಗಂಡಸಿಗೂ ಇರಲಿಲ್ಲ. ನಾಡೀನ್ ಪೊಟೀಟ್ ಅನ್ನುವವಳು ಹನ್ನೊಂದು ಚೀಲ ಹೊಲಿದಿಟ್ಟು ಆಮೇಲೆ ಇಪ್ಪತ್ತೆರಡು ಚೀಲದಷ್ಟು ಬೆಳೆದಳು. ಅವಳ ಗಂಡನ ಕಾರು ಹೆದ್ದಾರಿಯಲ್ಲಿ ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಿತ್ತು, ಫ್ರೆಸ್ನೋಗೆ ಹೊರಟವರು ಎರಡು ಸಲ ಬೇರೆ ಊರು ಸೇರಿದರು. ಆದರೂ ಚೀಲ ಹನ್ನೊಂದೇ.

ಒಲೀಟಾ ಹೊಲಿದದ್ದು ಹದಿಮೂರು.

ಮದುವೆಯಾಗಿ ನಲವತ್ತೇಳನೇ ವರ್ಷ, ಮೇ ತಿಂಗಳಲ್ಲಿ ಡಾಕ್ಟರು, ಅವಳ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿದೆ ಅಂದರು. ಕ್ರಿಸ್‌ಮಸ್ ನೋಡಬಹುದು, ನೋಡದೆಯೂ ಇರಬಹುದು ಅಂದರು. ಮನೆಗೆ ಬಂದವಳೇ ಅವಳು ಅಡುಗೆಮನೆಯ ಕ್ಯಾಲೆಂಡರ್ ಮಗುಚಿ, ಅಕ್ಟೋಬರಿನ ಎರಡನೇ ಶನಿವಾರದ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕಿದಳು. ಪ್ರತಿ ವರ್ಷ ಅವತ್ತು ಸಂಘದ ಕಾರುಗಳೆಲ್ಲ ಸಾಲಾಗಿ ಕೆಯೂಕಸ್‌ಗೆ ಹೋಗಿ ಮೀನು ತಿಂದು ಬರುತ್ತವೆ.

“ಕ್ರಿಸ್‌ಮಸ್ ಯಾರಿಗೆ ಬೇಕು ಟ್ಯಾಕೆಟ್,” ಅಂದಳು. ಗಂಡನನ್ನು ಅವಳು ಕರೆಯುತ್ತಿದ್ದದ್ದು ಮನೆತನದ ಹೆಸರಿನಿಂದಲೇ. “ನಂಗೆ ಇಷ್ಟು ಸಾಕು. ನಿನ್ನ ಪಕ್ಕ ಕೂತು ಒಂದ್ಸಲ ಸಮುದ್ರ ನೋಡಿಬಿಡ್ತೀನಿ. ನಮ್ಮ ಕಾರಲ್ಲೇ. ಬೇರೆ ಕಾರು ತಂದ್ಯೋ, ನೀನೊಬ್ನೇ ಹೋಗು.”

ಜೂನಿನಲ್ಲಿ ಚರ್ಚಿನ ಮುಂದೆ ತಿರುಗಿಸುವಾಗ ಕಾರಿನ ಹಿಂದುಗಡೆಯ ಭಾರ ಹೊರುವ ಸ್ಪ್ರಿಂಗು, ಹಳೇ ಕಮಾನುಪಟ್ಟಿ, ಲಟ್ಟನೆ ಮುರಿಯಿತು. ಅಡಿಯ ಅಡ್ಡತೊಲೆಯೂ ಬಿರುಕು ಬಿಟ್ಟಿತ್ತು. ಎಪ್ಪತ್ತು ವರ್ಷದ ಉಕ್ಕು, ಅದಕ್ಕೂ ದಣಿವಾಗಿರಬೇಕು. ಹಿಂದುಗಡೆಗೆ ಎಲ್ಲಾ ಹೊಸದಾಗಿ ಹಾಕಲೇಬೇಕಾಯಿತು.

ಹೊಳೆಯ ಆಚೆ ಪೂರ್ವ ಬೇಕರ್ಸ್‌ಫೀಲ್ಡಿನಲ್ಲಿ ಮೈತೆ ಉರುತಿಯಾಳ ವರ್ಕ್‌ಶಾಪು. ಕಾರು ಎತ್ತುವ ಇಳಿಸುವ ಕೆಲಸದಲ್ಲಿ ಕಣಿವೆಗೆಲ್ಲ ಹೆಸರಾದ ಹೆಂಗಸು. ಅವಳಪ್ಪ ಬಸಿಲಿಯೊ ಸ್ಪೇನಿನ ಗುಡ್ಡಗಾಡಿನಿಂದ ಬಂದ ಬಾಸ್ಕ್ ಜನದವನು, ಆಯುಷ್ಯವೆಲ್ಲ ಕುರಿ ಲಾರಿ ಓಡಿಸಿದವನು, ವರ್ಲಿನ್ನನ ಜೀವದ ಗೆಳೆಯ. ಅವನ ನಾಲಿಗೆಗೆ ಸಿಕ್ಕಿ ಗಾಯವಾಗದೆ ಬಂದವರು ಸಂಘದಲ್ಲಿ ಯಾರೂ ಇರಲಿಲ್ಲ.

ಮೈತೆ ಬೆಂಚಿನ ಮೇಲೆ ಎರಡು ಸಾಮಾನು ಇಟ್ಟಳು.

“ನೋಡಿ ಅಂಕಲ್, ಇದು ಕಾಯಿಲ್‌ಓವರ್. ಶಾಕ್ ಅಬ್ಸಾರ್ಬರ್ ಸುತ್ತ ಉಕ್ಕಿನ ಸುರುಳಿ. ಹಾಕಿ ಮರೆತುಬಿಡಬಹುದು. ಆದ್ರೆ ಯಾವ ತೂಕಕ್ಕೆ ಅಂತ ಆರಿಸ್ತೀರೋ ಆ ತೂಕಕ್ಕೆ ಮಾತ್ರ ಸರಿ. ಇದು ಗಾಳಿಚೀಲ, ಸುರುಳಿ ಬದ್ಲು. ಪಂಪು, ಟ್ಯಾಂಕು, ಪೈಪು ಅಂತ ತಾಪತ್ರಯ ಜಾಸ್ತಿ. ಆದ್ರೆ ಕೂತವರಿಗೆ ತಕ್ಕಂಗೆ ಗಾಳಿ ಏರಿಸಬಹುದು, ಇಳಿಸಬಹುದು. ಆಂಟಿ ಬೆನ್ನಿಗೆ ಇದೇ ಒಳ್ಳೇದು.”

“ಬಲೂನು!” ಅಂದ ವರ್ಲಿನ್. “ಟಾಫ್ಟ್‌ನಲ್ಲಿ ಒಬ್ಬ ಹಾಕಿಸಿದ್ದ, ಗೊತ್ತಾ? ಮಗಳ ಮದುವೇಲಿ ಚರ್ಚಿನ ಮುಂದೆ ಕಾರು ನಿಲ್ಸಿದಾನೆ, ಆಡು ಬಂದು ಪೈಪು ಅಗಿದುಬಿಡ್ತು. ಕಾರು ಉಸ್ ಅಂತ ಕೂತ್ಕೊಂಡ್ತು. ಬಾಗಿಲು ಕಲ್ಲಿಗೆ ತಾಗಿ ತೆಗೆಯಕ್ಕೇ ಬರ್ಲಿಲ್ಲ. ಪಾದ್ರಿ ಕಿಟಕೀಲಿ ತಲೆ ಹಾಕಿ ಮದುವೆ ಮಾಡಿಸ್ಬೇಕಾಯ್ತು!”

“ಹೋದ ವರ್ಷ ಹೇಳ್ದಾಗ ಅದು ನಾಯಿಯಾಗಿತ್ತಲ್ಲೋ,” ಅಂದ ಅಲ್ಲೇ ಫ್ಯಾನಿನ ಮುಂದೆ ಕೂತಿದ್ದ ಬಸಿಲಿಯೊ. “ಮಗಳೇ, ಇವನ ಕಷ್ಟ ನಿಂಗೆ ಗೊತ್ತಾಗಲ್ಲ. ಗಾಳಿಚೀಲ ಹಾಕಿಸ್ಕೊಂಡೋರನ್ನೆಲ್ಲ ಇಷ್ಟು ವರ್ಷ ಆಡ್ಕೊಂಡಿದಾನೆ. ಈಗ ತಾನೇ ಹಾಕಿಸ್ಕೊಂಡ್ರೆ ಆ ಮುಖ ಎಲ್ಲಿಡ್ತಾನೆ? ಡಿಕ್ಕಿ ಬೇರೆ ಟೈರಿಂದ ತುಂಬಿದೆ.”

“ಉಕ್ಕು ಕೊಡು ಸಾಕು,” ಅಂದ ವರ್ಲಿನ್.

ಮೈತೆ ಪೆನ್ಸಿಲ್ ತೆಗೆದು ಕಾರಿನ ತೂಕ ಬರೆದುಕೊಂಡಳು, ವರ್ಲಿನ್ನನ ತೂಕ ಬರೆದುಕೊಂಡಳು. ಆಮೇಲೆ ತಲೆ ಎತ್ತದೆ ಕೇಳಿದಳು.

“ಆಂಟಿ ಈಗ ಎಷ್ಟಿದಾರೆ?”

ವರ್ಲಿನ್ ಸುರುಳಿಯನ್ನು ಕೈಗೆತ್ತಿಕೊಂಡು ಅದರೊಳಗಿಂದ ಆಚೆ ನೋಡಿದ. “ನೂರ ಮೂವತ್ತು. ಚೀಲ ಇದೆಯಲ್ಲ, ಹದಿಮೂರು.”

ಮೈತೆ ಅಪ್ಪನ ಮುಖ ನೋಡಿದಳು. ಬಸಿಲಿಯೊ ಫ್ಯಾನಿನ ಕಡೆ ನೋಡುತ್ತಿದ್ದ.

“ನೂರ ಮೂವತ್ತು ಅಂದ್ರೆ ಎರಡು ಸ್ಪ್ರಿಂಗಿನ ಮಧ್ಯೆ ಬರುತ್ತೆ ಅಂಕಲ್, ಒಂದು ಮೆತ್ತಂದು, ಒಂದು ಗಟ್ಟೀದು. ಆಂಟಿ ಅದಕ್ಕಿಂತ ಸ್ವಲ್ಪ ಕಮ್ಮಿ ಇದ್ರೂ ಮೆತ್ತಂದೇ ಸಾಕು.”

“ಗಟ್ಟೀದೇ ಕೊಡು.”

ಆಗಸ್ಟಿನಲ್ಲಿ, ಶೆಡ್ಡಿನೊಳಗೆ ಬ್ರೆಡ್ಡು ಬೇಯುವಷ್ಟು ಸೆಕೆಯಲ್ಲಿ, ವರ್ಲಿನ್ ಎಲ್ಲವನ್ನೂ ತಾನೇ ವೆಲ್ಡ್ ಮಾಡಿದ. ಬಲಗಡೆ ಸೀಟಿನಲ್ಲಿ ಒಲೀಟಾಳ ಹದಿಮೂರು ಚೀಲ ಪೇರಿಸಿ, ಬೀಳದ ಹಾಗೆ ಬೆಲ್ಟು ಹಾಕಿದ. ಟೇಪು ಹಿಡಿದರೆ ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕೈ ಒರೆಸಿಕೊಂಡು, ತಾನು ಮಾಡಿದ್ದನ್ನು ನೋಡಿ ತಾನೇ ಶಿಳ್ಳೆ ಹೊಡೆದ. ಚೀಲಗಳನ್ನು ಕೆಳಗಿಳಿಸಿ, ಒಲೀಟಾಳನ್ನು ಕರೆದ.

ಅವಳು ತಲೆಗೆ ಸ್ಕಾರ್ಫು ಕಟ್ಟಿ, ತುಟಿಗೆ ಬಣ್ಣ ಹಚ್ಚಿಕೊಂಡು, ಊರುಗೋಲು ಹಿಡಿದು ಬಂದಳು. ಬೆನ್ನ ಹಿಂದೆ ದಿಂಬಿಟ್ಟು ಕೂರಿಸಿದ. ಅವಳು ಕೂತ ಮೇಲೆ ಕಾರಿನ ಬಲಗಡೆ ಒಂದು ಬೆರಳಿನಷ್ಟು ಎದ್ದೇ ಇತ್ತು. ವರ್ಲಿನ್ ಅದನ್ನು ನೋಡಿದ, ಮತ್ತು ನೋಡಲಿಲ್ಲ ಅಂದುಕೊಂಡ.

ಹೊಳೆಯ ಮೇಲಿನ ದಿಣ್ಣೆವರೆಗೆ ಎರಡು ಮೈಲಿ. ಒಲೀಟಾ ತನ್ನ ತಂಗಿಯ ಮದುವೆಯಲ್ಲಿ ಕೇಕಿಗೆ ಇರುವೆ ಮುತ್ತಿದ ಕಥೆ ಶುರು ಮಾಡಿದ್ದಳು. ಅದು ಅವನಿಗೂ ಬಾಯಿಪಾಠ. ಇರುವೆಗಳು ಪಾದ್ರಿಯ ಪ್ಯಾಂಟು ಹತ್ತುವ ಜಾಗಕ್ಕೆ ಬರುವಾಗ ಕಾರು ರೈಲ್ವೆ ಹಳಿ ದಾಟಿತು. ಕಥೆ ಅಲ್ಲೇ ನಿಂತಿತು. ಮುಂದುವರಿಸುತ್ತಾಳೆ ಅಂತ ಅವನು ಕಾದ. ಅವಳು ಮುಂದೆ ರಸ್ತೆಯನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಇಳಿಸುವಾಗ ಕಾಲು ಊರಲಾಗಲಿಲ್ಲ, ಎತ್ತಿಕೊಂಡೇ ಒಳಗೆ ಹೋದ.

“ಹೆಂಗಿತ್ತು?”

“ಚೆನ್ನಾಗಿತ್ತು ಕಣೋ. ಗಟ್ಟಿಯಾಗಿದೆ.”

ಅವಳ ಕೆಳತುಟಿಯಲ್ಲಿ ಬಣ್ಣಕ್ಕಿಂತ ಕೆಂಪಾದದ್ದು ಇತ್ತು. ಕೂಗಬಾರದು ಅಂತ ಕಚ್ಚಿ ಹಿಡಿದಿದ್ದಳು.

ನಾಲ್ಕು ದಿನ ಅವಳು ಹಾಸಿಗೆಯಿಂದ ಏಳಲಿಲ್ಲ. ಆ ನಾಲ್ಕು ದಿನವೂ ವರ್ಲಿನ್ ಶೆಡ್ಡಿಗೆ ಹೋಗುವುದು, ಕಾರಿನ ಸುತ್ತ ಬರುವುದು, ಏನೂ ಮುಟ್ಟದೆ ಒಳಗೆ ಬರುವುದು. ಐದನೇ ದಿನ ಬೆಳಿಗ್ಗೆ ಗೋಡೆ ಹಿಡಿದು ಹಿಡಿದು ಒಲೀಟಾಳೇ ಶೆಡ್ಡಿಗೆ ಬಂದಳು.

“ಟ್ಯಾಕೆಟ್, ಬಚ್ಚಲುಮನೇಲಿರೋ ತೂಕದ ಮಿಷನ್ ತಗೊಂಡು ಬಾ.”

“ಯಾಕೀಗ?”

“ತಗೊಂಡು ಬಾ ಅಂದೆ. ನಿನ್ನ ಆಡಿನ ಕಥೆ ಕೇಳಕ್ಕೆ ಬಂದಿಲ್ಲ ನಾನು.”

ತಂದಿಟ್ಟ. ಅವಳು ಅವನ ಭುಜ ಹಿಡಿದು ಮೇಲೆ ಹತ್ತಿದಳು. ಆಮೇಲೆ ಕೈ ತೆಗೆದಳು. ಅವನು ಸೊಂಟ ಹಿಡಿಯಲು ಬಂದರೆ, “ಬಿಡು. ನೀನು ಎತ್ಕೊಂಡ್ರೆ ಲೆಕ್ಕ ತಪ್ಪುತ್ತೆ” ಅಂದಳು.

ಮುಳ್ಳು ಅಲ್ಲಾಡಿ ತೊಂಬತ್ತೆರಡಕ್ಕೆ ನಿಂತಿತು.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ. ಗೋಡೆಯ ಪಕ್ಕ ಪೇರಿಸಿಟ್ಟಿದ್ದ ಚೀಲಗಳ ಕಡೆ ಅವಳು ಗದ್ದದಿಂದ ತೋರಿಸಿದಳು.

“ತೆಗಿ.”

ವರ್ಲಿನ್ ಒಂದು ಚೀಲ ತೆಗೆದು ತೋಳಲ್ಲಿಟ್ಟುಕೊಂಡ. ಮೇಲೆ ಅವಳೇ ಹಾಕಿದ ನೀಲಿ ದಾರದ ಕಸೂತಿ, ಇಪ್ಪತ್ತೆರಡು ವರ್ಷದ ಹುಡುಗಿಯ ಸೊಟ್ಟ ಅಕ್ಷರ.

“ಇನ್ನೊಂದು.”

ತೆಗೆದ.

“ಇನ್ನೊಂದು ತೆಗಿ. ನಾಡೀನ್ ಪೊಟೀಟ್ ಬದುಕಿದ್ದು ಇದನ್ನ ನೋಡಿದ್ರೆ ಹೊಟ್ಟೆ ಉರ್ಕೊಂಡು ಸಾಯ್ತಿದ್ಲು. ಹೂಂ, ಇನ್ನೂ ಒಂದು.”

ಈಗ ನಾಲ್ಕು ಚೀಲ ಅವನ ತೋಳಿನಲ್ಲಿ, ಒಂಬತ್ತು ಗೋಡೆಯ ಪಕ್ಕದಲ್ಲಿ. “ಎರಡು ಪೌಂಡು ಕಮ್ಮಿ ಬಂತಲ್ಲ,” ಅಂದಳು, “ಅಡುಗೆಮನೇಲಿ ಬೀನ್ಸ್ ಕಾಳಿನ ಪೊಟ್ಟಣ ಇದೆ, ಅದನ್ನ ಆ ಒಂಬತ್ತರ ಮೇಲಿಡು. ಈ ನಾಲ್ಕನ್ನ ಯಾಕೆ ಅಪ್ಪಿಕೊಂಡು ನಿಂತಿದೀಯ? ಕೆಳಗಿಡು.”

ಅವನು ಕೆಳಗಿಡಲಿಲ್ಲ. ನಲವತ್ತು ಪೌಂಡು ಮರಳನ್ನು ಎದೆಗೆ ಒತ್ತಿಕೊಂಡು ಶೆಡ್ಡಿನ ನಡುವೆ ನಿಂತಿದ್ದ.

“ಇಷ್ಟು ಎಲ್ಲಿ ಹೋಯ್ತು ಲೀಟಾ?”

“ಯಾರಿಗ್ಗೊತ್ತು,” ಅಂದಳು ಅವಳು. “ಹೋಗೋವಾಗ ನಂಗೂ ಹೇಳ್ಲಿಲ್ಲ.”

ಬೀನ್ಸ್ ಕಾಳಿನ ಪೊಟ್ಟಣ ಮೇಲಿಟ್ಟು, ಆ ಮಧ್ಯಾಹ್ನವೇ ಅವನು ಮೈತೆಗೆ ಫೋನು ಮಾಡಿದ. “ಆ ಬಲೂನು ಇನ್ನೂ ಇದೆಯಾ?” ಅಂದ. ಅವಳು ಅಪ್ಪನಿಗೂ ಹೇಳದೆ ಗಾಳಿಚೀಲಗಳನ್ನು ಜುಲೈನಿಂದ ಎತ್ತಿಟ್ಟಿದ್ದಳು.

ಹೊಸದಾಗಿ ಹಾಕಿದ್ದನ್ನೆಲ್ಲ ಕತ್ತರಿಸಿ ತೆಗೆದು ಮತ್ತೆ ಕೂರಿಸಲು ಸೆಪ್ಟೆಂಬರ್ ನಡುವಾಯಿತು. ಬಾದಾಮಿ ತೋಟಗಳಲ್ಲಿ ಮಿಷನ್ನು ಮರ ಅಲುಗಿಸಿ ಊರಿಗೆಲ್ಲ ಧೂಳು ಎಬ್ಬಿಸುವ ಕಾಲ. ಸುದ್ದಿ ಗೊತ್ತಾದ ದಿನ ಬಸಿಲಿಯೊ ಒಂದು ಕೆಂಪು ಬಲೂನು ತಂದು ಶೆಡ್ಡಿನ ಬಾಗಿಲಿಗೆ ಕಟ್ಟಿದ.

“ಆಡುಗಳನ್ನೆಲ್ಲ ಕಟ್ಟಿ ಹಾಕಿ ಅಂತ ಊರಲ್ಲಿ ಡಂಗುರ ಸಾರಿಸ್ಲಾ?” ಅಂದ.

ಒಲೀಟಾ ನಕ್ಕು ನಕ್ಕು ಕೆಮ್ಮಿದಳು. ವರ್ಲಿನ್ ಬಲೂನನ್ನು ಬಿಚ್ಚಲಿಲ್ಲ. ಅದು ತಾನಾಗಿ ಸೊರಗಿ ಸುಕ್ಕಾಗುವವರೆಗೂ ಅಲ್ಲೇ ಇತ್ತು.

ಮೈತೆ ಸ್ಟೀರಿಂಗಿನ ಪಕ್ಕ ಗಡಿಯಾರದಂಥ ಎರಡು ಪುಟ್ಟ ಮುಳ್ಳಿನ ಮೀಟರು ಕೂರಿಸಿದ್ದಳು, ಎಡಚೀಲದ ಗಾಳಿಯ ಒತ್ತಡ ತೋರಿಸಲು ಒಂದು, ಬಲಚೀಲಕ್ಕೆ ಒಂದು. ಒಲೀಟಾಳನ್ನು ಕೂರಿಸಿ ಗಾಳಿ ಏರಿಸುತ್ತಾ ಏರಿಸುತ್ತಾ, ಕಾರು ನೆಟ್ಟಗಾದ ಕೂಡಲೇ ಮೈತೆ ನಿಲ್ಲಿಸಿದಳು. ಒಲೀಟಾ ಕೈಚೀಲದಿಂದ ಉಗುರುಬಣ್ಣ ತೆಗೆದು, ಬಲಗಡೆಯ ಮುಳ್ಳು ನಿಂತ ಜಾಗಕ್ಕೆ ಗಾಜಿನ ಮೇಲೆ ಗುಲಾಬಿ ಚುಕ್ಕೆ ಇಟ್ಟಳು.

“ಇದು ನಾನು,” ಅಂದಳು. “ಇನ್ಮೇಲೆ ಹದಿಮೂರು ಅಂತ ಸುಳ್ಳು ಹೇಳ್ಬೇಡ.”

ಮರುದಿನ, ಬಿಸಿಲು ಏರುವ ಮೊದಲೇ, ವರ್ಲಿನ್ ಅವಳನ್ನು ಕರೆದುಕೊಂಡು ಹೊರಟ. ರೈಲ್ವೆ ಹಳಿ ಬಂದಾಗ ವೇಗ ಇಳಿಸಿದ. ಕಾರು ನೀರಿನ ಮೇಲೆ ದೋಣಿ ಎದ್ದು ಇಳಿದ ಹಾಗೆ ದಾಟಿತು. ಅವಳು ಇರುವೆಯ ಕಥೆ ಶುರು ಮಾಡಿದಳು. ಪಾದ್ರಿಯ ಪ್ಯಾಂಟಿನವರೆಗೂ ಬಂದಳು, ಅದನ್ನೂ ದಾಟಿದಳು, ಆಮೇಲೆ ಮಾತು ನಿಧಾನವಾಗಿ ನಿಂತಿತು. ವರ್ಲಿನ್ ತಟ್ಟನೆ ಪಕ್ಕಕ್ಕೆ ತಿರುಗಿದ.

ಅವಳು ನಿದ್ದೆ ಹೋಗಿದ್ದಳು.

ಮೂರು ತಿಂಗಳಿಂದ ಅವಳು ಕೂತು ನಿದ್ದೆ ಮಾಡಿರಲಿಲ್ಲ, ಮಲಗಿಯೂ ಸರಿಯಾಗಿ ಮಾಡಿರಲಿಲ್ಲ. ವರ್ಲಿನ್ ದಿಣ್ಣೆಯಲ್ಲಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಚ್ಚರವಾಗುತ್ತಾಳಲ್ಲ. ಎಣ್ಣೆಬಾವಿಗಳ ನಡುವಿನ ರಸ್ತೆಗೆ ತಿರುಗಿಸಿ, ತಲೆಯಾಡಿಸುವ ಸಾವಿರ ಪಂಪುಗಳ ಮಧ್ಯೆ ಇಪ್ಪತ್ತು ಮೈಲಿ ವೇಗದಲ್ಲಿ ಸುತ್ತಿದ. ಒಂದೊಂದು ಪೈಪಿನ ಬೆಸುಗೆಯೂ ಅವನ ಕೈಯದೇ. ಒಂದೇ ರಸ್ತೆಯನ್ನು ಒಂಬತ್ತು ಸಲ ಸುತ್ತಿದ. ಪೆಟ್ರೋಲಿನ ಮುಳ್ಳು ತಳ ಸೇರುವವರೆಗೂ ಸುತ್ತಿದ. ತಳ ಸೇರಿದ ಮೇಲೂ ಕಾರು ನಾಲ್ಕು ಮೈಲಿ ಬರೀ ಮರ್ಯಾದೆಯ ಮೇಲೆ ಓಡಿತು ಅನ್ನುತ್ತಿದ್ದ, ಅದೊಂದು ಸುಳ್ಳನ್ನು ಮಾತ್ರ ಯಾರೂ ಆಡಿಕೊಳ್ಳಲಿಲ್ಲ.

ಮನೆಯ ತಿರುವಿನಲ್ಲಿ ಅವಳು ಕಣ್ಣು ಬಿಡದೆ ಕೇಳಿದಳು: “ಸಮುದ್ರ ಬಂತಾ?”

“ಇನ್ನೂ ಇಲ್ಲ. ಮಲಕ್ಕೋ.”

ಅಕ್ಟೋಬರಿನ ಮೊದಲನೇ ಶನಿವಾರ, ಪೆನ್ಸಿಲಿನ ಸುತ್ತಿಗೆ ಏಳು ದಿನ ಇರುವಾಗ, ಒಲೀಟಾ ಹೋದಳು. ಶವಪೆಟ್ಟಿಗೆ ಎತ್ತಿದವರಲ್ಲಿ ಬಸಿಲಿಯೊ ಒಬ್ಬ, ವರ್ಲಿನ್ ಒಬ್ಬ. ಎತ್ತುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕಪಕ್ಕದವರು ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು, ಬೇಯಿಸಿದ ಹಂದಿಮಾಂಸ ಮನೆ ತುಂಬ ತಂದಿಟ್ಟರು. ವರ್ಲಿನ್ ಎಲ್ಲರಿಗೂ ಬಡಿಸಿದ, ತಾನು ತಿಂದದ್ದನ್ನು ಯಾರೂ ಕಾಣಲಿಲ್ಲ. ಅವನು ಈ ವರ್ಷ ಬರುವುದಿಲ್ಲ ಅಂತ ಸಂಘದವರೆಲ್ಲ ಅಂದುಕೊಂಡರು.

ಎರಡನೇ ಶನಿವಾರ ಬೆಳಿಗ್ಗೆ ಏಳಕ್ಕೆ, ಹತ್ತಿ ಗಿರಣಿಯ ಮುಂದಿನ ಬಯಲಿನಲ್ಲಿ ಇಪ್ಪತ್ತೊಂದು ಕಾರು ನಿಂತಿದ್ದವು. ಇಪ್ಪತ್ತೆರಡನೆಯದಾಗಿ ಕಾಕಂಬಿ ಬಣ್ಣದ ಕೂಪೆ ಬಂತು. ಬಲಗಡೆ ಸೀಟು ಖಾಲಿ. ಕಾರಿನ ಬಲಗಡೆ ಒಂದಿಂಚು ಮೇಲೆದ್ದಿತ್ತು, ಎಡಕ್ಕೆ ವಾಲಿಕೊಂಡೇ ಬಂತು.

ಆ ಸಂಘದಲ್ಲಿ ವಾಲಿದ ಕಾರಿಗೆ ಮರ್ಯಾದೆಯಿಲ್ಲ. ನಾಡೀನಳ ಗಂಡನನ್ನು ಅವನ ಗೋರಿಯ ಮೇಲೂ ಏಡಿ ಅಂತ ಬರೆಯುವಷ್ಟು ಆಡಿಕೊಂಡವರು ಅವರು. ಅವತ್ತು ಎಲ್ಲರೂ ಕಾಫಿ ಲೋಟ ಹಿಡಿದು ನಿಂತು ನೋಡಿದರು. ಕೊನೆಗೆ ಬಸಿಲಿಯೊ ಮುಂದೆ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಕಿಟಕಿಗೆ ಬಗ್ಗಿದ. ಗಾಜಿನ ಮೇಲಿನ ಗುಲಾಬಿ ಚುಕ್ಕೆ ಕಂಡಿತು, ಅದರ ಮೇಲೆ ಸರಿಯಾಗಿ ನಿಂತ ಮುಳ್ಳು ಕಂಡಿತು.

“ಬಲಗಡೆ ಎದ್ದಿದೆ ಕಣೋ.”

“ಗೊತ್ತು.”

“ಒಂಚೂರು ಗಾಳಿ ಬಿಟ್ರೆ ನೆಟ್ಟಗಾಗುತ್ತೆ. ಒಂದು ಗುಂಡಿ ಒತ್ತಿದ್ರೆ ಆಯ್ತು.”

“ಅದೂ ಗೊತ್ತು.”

ಬಸಿಲಿಯೊ ಸುತ್ತಿಕೊಂಡು ಬಲಗಡೆಗೆ ಹೋಗಿ, ಅಂಗಿಯ ತೋಳಿನಿಂದ ಆ ಬಾಗಿಲ ಹಿಡಿಯ ಮೇಲಿನ ಬಾದಾಮಿ ಧೂಳು ಒರೆಸಿ, ತನ್ನ ಕಾರಿಗೆ ನಡೆದ. ಯಾವಾಗಲೂ ಸಾಲಿನ ಮುಂದೆ ಹೋಗುತ್ತಿದ್ದದ್ದು ಅವನೇ. ಅವತ್ತು ತನ್ನ ಕಾರನ್ನು ಪಕ್ಕಕ್ಕೆ ತೆಗೆದು, ಮುಂದೆ ಹೋಗು ಅಂತ ಕೈ ಬೀಸಿದ.

ನೂರ ಮೂವತ್ತು ಮೈಲಿ ವರ್ಲಿನ್ನನ ಕೂಪೆ ವಾಲಿಕೊಂಡೇ ಓಡಿತು. ಹಿಂದೆ ಇಪ್ಪತ್ತೊಂದು ಕಾರು, ಯಾರೂ ಹಾರನ್ ಮಾಡಲಿಲ್ಲ, ಯಾರೂ ದಾಟಿ ಹೋಗಲಿಲ್ಲ. ಕೊನೆಯ ಗುಡ್ಡದ ನೆತ್ತಿಗೆ ಬಂದಾಗ ಕೆಳಗೆ ಬೂದುಬಣ್ಣದ ನೀರು ಕಂಡಿತು. ವರ್ಲಿನ್ ನೀರನ್ನು ನೋಡುವ ಮೊದಲು ಬಲಗಡೆಯ ಮುಳ್ಳು ನೋಡಿದ. ಗಾಳಿ ಒಂದಿಷ್ಟೂ ಇಳಿದಿರಲಿಲ್ಲ. ಮುಳ್ಳು ಚುಕ್ಕೆಯ ಮೇಲೇ ಇತ್ತು.

“ಬಂತು ಕಣೇ,” ಅಂದ.